ಮಿಕ್ಕ ಬೆಳಕಿನ ಲೆಕ್ಕ: ಹಳೆಯ ಮೀಡಿಯಂ ಫಾರ್ಮ್ಯಾಟ್ ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾಗೆ ಕೂರಿಸುವ ಬಗೆ

ಮೀಡಿಯಂ ಫಾರ್ಮ್ಯಾಟ್, ಅಂದರೆ ಅಗಲವಾದ ರೋಲ್ ಫಿಲ್ಮ್ ಬಳಸುವ ಮಾಮಿಯಾ 645 ಕ್ಯಾಮೆರಾದ 80 ಮಿ.ಮೀ. ಎಫ್/1.9 ಲೆನ್ಸನ್ನು ಮೊದಲ ಸಲ ನನ್ನ ಫುಲ್ ಫ್ರೇಮ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಡಿಜಿಟಲ್) ಕ್ಯಾಮೆರಾಗೆ ಹಾಕಿದ ದಿನ ಖುಷಿಗಿಂತ ನಿರಾಸೆಯೇ ಜಾಸ್ತಿ ಆಯಿತು. ಕೈಯಲ್ಲಿ ಹಿಡಿದರೆ ಗಟ್ಟಿ ಲೋಹ, ಗಟ್ಟಿ ಗಾಜು. ಫೋಟೋ ನೋಡಿದರೆ ಮಾತ್ರ ಯಾವುದೋ ಸಾಧಾರಣ 85 ಮಿ.ಮೀ. ಲೆನ್ಸಿನಲ್ಲಿ ತೆಗೆದ ಹಾಗೇ ಇತ್ತು. ಅದಕ್ಕಿಂತ ಸ್ವಲ್ಪ ಮಂಕು ಬೇರೆ. ಎಲ್ಲರೂ ಹೊಗಳುವ ಆ ಮೀಡಿಯಂ ಫಾರ್ಮ್ಯಾಟ್ ಲುಕ್ ಎಲ್ಲಿ ಹೋಯಿತು?

ತಪ್ಪು ಲೆನ್ಸಿನದಲ್ಲ, ನನ್ನದು. 80 ಮಿ.ಮೀ. ಲೆನ್ಸ್ ಯಾವ ಕ್ಯಾಮೆರಾಗೆ ಹಾಕಿದರೂ 80 ಮಿ.ಮೀ. ಲೆನ್ಸೇ. 120 ರೋಲ್ ಫಿಲ್ಮಿನ ಫ್ರೇಮ್ ದೊಡ್ಡದು, ಅದಕ್ಕೇ ಅಲ್ಲಿ ನೋಟ ಅಗಲ. 645 ಫ್ರೇಮಿನ ನಿಜವಾದ ಅಳತೆ 56×41.5 ಮಿ.ಮೀ. ಫುಲ್ ಫ್ರೇಮ್ ಸೆನ್ಸರ್ ಬರೀ 36×24. ಅಂದರೆ ಆ ಲೆನ್ಸ್ ತುಂಬಬೇಕಿದ್ದ ಜಾಗದಲ್ಲಿ ಸೆನ್ಸರ್ ಬಳಸಿಕೊಳ್ಳುವುದು ಮೂರನೇ ಒಂದು ಪಾಲಿಗಿಂತ ಚೂರು ಜಾಸ್ತಿ ಅಷ್ಟೇ. ಚೌಕ ಫ್ರೇಮಿನ 6×6 ಕ್ಯಾಮೆರಾದ ಲೆನ್ಸ್ ಆದರೆ ಕಾಲು ಪಾಲು ಚಿಲ್ಲರೆ. ಮಿಕ್ಕ ಬೆಳಕೆಲ್ಲ ಅಡಾಪ್ಟರಿನ (ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಕೊಳವೆಯ) ಒಳಗೋಡೆಗೆ ಬಡಿಯುತ್ತದೆ. ಅದರಲ್ಲಿ ಒಂದಿಷ್ಟು ಪುಟಿದು ಸೆನ್ಸರಿನ ಮೇಲೆ ಬೀಳುತ್ತದೆ. ನನ್ನ ಫೋಟೋ ಮಂಕಾಗಿದ್ದು ಹಾಗೆ.

ಈ ಮಿಕ್ಕ ಬೆಳಕನ್ನು ಏನು ಮಾಡುತ್ತೀರಿ ಅನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದನ್ನು ತಡೆಯಬಹುದು. ಕುಗ್ಗಿಸಿ ಸೆನ್ಸರಿನೊಳಗೆ ತುಂಬಬಹುದು. ಇಲ್ಲ, ಲೆನ್ಸನ್ನು ಪಕ್ಕಕ್ಕೆ ಸರಿಸಿ, ಓರೆ ಮಾಡಿ ದುಡಿಸಿಕೊಳ್ಳಬಹುದು. ಇದರಲ್ಲಿ ಯಾವುದನ್ನೂ ಮಾಡುವ ಮನಸ್ಸಿಲ್ಲದಿದ್ದರೆ ಸುಮ್ನೆ ಒಂದು ಹೊಸ 85 ಕೊಳ್ಳಿ. ಹಗುರ, ಆಟೋಫೋಕಸ್ ಇದೆ, ತಲೆನೋವಿಲ್ಲ.

ಯಾವ ಲೆನ್ಸ್ ಹಿಡಿಯಬೇಕು

ಹೊಸಬರು ನೋಡಬೇಕಾದ್ದು ಎರಡೇ. ಫೋಕಸ್ ಮಾಡುವ ತಿರುಗಣೆ ಲೆನ್ಸಿನಲ್ಲೇ ಇದೆಯಾ? ಅಪರ್ಚರ್ ರಿಂಗ್, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆ, ಲೆನ್ಸಿನಲ್ಲೇ ಇದೆಯಾ? (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಆ ಕಿಂಡಿ ದೊಡ್ಡದು.) ಎರಡೂ ಇದ್ದರೆ ಅಡಾಪ್ಟರ್ ಅಂದರೆ ಬರೀ ಒಂದು ಕೊಳವೆ. ಅದರಲ್ಲಿ ಗಾಜಿಲ್ಲ, ತಂತಿ ಇಲ್ಲ, ಕೆಡುವಂಥದ್ದೇನೂ ಇಲ್ಲ.

ನನ್ನ ಮೊದಲ ಆಯ್ಕೆ ಮಾಮಿಯಾ 645ರ ಮ್ಯಾನ್ಯುಯಲ್ ಫೋಕಸ್ ಲೆನ್ಸುಗಳು. ಈ ಕ್ಯಾಮೆರಾ ಬಂದದ್ದು 1975ರಲ್ಲಿ. 35 ಮಿ.ಮೀ. ಎಫ್/3.5, 45 ಎಫ್/2.8, 55 ಎಫ್/2.8, 80 ಎಫ್/2.8, 150 ಎಫ್/3.5, ಹೀಗೆ ಸಾಲು ಉದ್ದವಿದೆ. 80 ಎಫ್/2.8 ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತದೆ, ಕಲಿಯುವುದಕ್ಕೆ ಅದೇ ಸಾಕು. ಎಫ್/1.9ಕ್ಕೆ ಹೆಸರು ದೊಡ್ಡದು, ಬೆಲೆಯೂ ದೊಡ್ಡದು. ಒಂದು ಎಚ್ಚರಿಕೆ: ಮಾಮಿಯಾದ್ದೇ ಆದ ನಂತರದ 645 ಎಎಫ್ ಲೆನ್ಸುಗಳಲ್ಲಿ ಅಪರ್ಚರ್ ರಿಂಗ್ ಇಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ಎರಡನೆಯದು ಪೆಂಟಕಾನ್ ಸಿಕ್ಸ್ ಮೌಂಟ್ (ಲೆನ್ಸ್ ಕೂರುವ ಜೋಡಣೆ). ಪೂರ್ವ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ 6×6 ಕ್ಯಾಮೆರಾ ಅದು. ಅದಕ್ಕೆ ಕಾರ್ಲ್ ಝೈಸ್ ಯೇನಾ ಮಾಡಿದ ಬಯೋಮೆಟಾರ್ 80 ಮತ್ತು 120, ಫ್ಲೆಕ್ಟೊಗಾನ್ 50, ಸೊನ್ನಾರ್ 180 ಇವೆ. 180ರ ಮೂಲ ವಿನ್ಯಾಸ 1936ರ ಬರ್ಲಿನ್ ಒಲಿಂಪಿಕ್ಸ್ ಕಾಲದ್ದು, ಅದಕ್ಕೇ ಇವತ್ತಿಗೂ ಅದನ್ನು ಒಲಿಂಪಿಯಾ ಸೊನ್ನಾರ್ ಅನ್ನುತ್ತಾರೆ. ಒಂದು ಕಿಲೋಗಿಂತ ಜಾಸ್ತಿ ತೂಕ. ಇದೇ ಮೌಂಟಿಗೆ ಸೋವಿಯತ್ ಕಾಲದ ಕೀವ್‌ನ ಆರ್ಸೆನಲ್ ಕಾರ್ಖಾನೆಯ ವೋಲ್ನಾ 80, ಮಿರ್ 45, ಝೋಡಿಯಾಕ್ 30 ಫಿಶ್‌ಐ ಕೂಡ ಬರುತ್ತವೆ. ಕೀವ್ 60 ಕ್ಯಾಮೆರಾದ್ದು ಇದೇ ಮೌಂಟ್. ಕೀವ್ 88ರ ಹಳೆಯ ತಿರುಪು ಮೌಂಟ್ ಬೇರೆ. ಕೊಳ್ಳುವಾಗ ಫೋಟೋದಲ್ಲಿ ಲೆನ್ಸಿನ ಹಿಂಭಾಗ ತೋರಿಸಿ ಅಂತ ಕೇಳಿ. ಒಂದರ ಜಾಗದಲ್ಲಿ ಇನ್ನೊಂದನ್ನು ಮಾರುವುದು ಮಾಮೂಲು.

ಪೆಂಟಾಕ್ಸ್ 67ರ 105 ಎಫ್/2.4 ಚೆಂದದ ಲೆನ್ಸ್, ಆದರೆ ಇವತ್ತು ಕೈಗೆಟುಕುವ ಬೆಲೆಯಲ್ಲಿಲ್ಲ. ಅದರ ಶುರುವಿನ ಪ್ರತಿಗಳ ಗಾಜಿನಲ್ಲಿ ಥೋರಿಯಂ ಇದೆ. ವರ್ಷ ಕಳೆದಂತೆ ಗಾಜು ಚಹಾ ಬಣ್ಣಕ್ಕೆ ತಿರುಗುತ್ತದೆ. ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಹಳದಿ ಬಹುಪಾಲು ಇಳಿಯುತ್ತದೆ. ಬಿಸಿಲಿಗೆ ಇಡುವುದಾದರೆ ಇನ್ನೊಂದು ತುದಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಕಾಯಲು ಯಾರಾದರೂ ಇರಲಿ. ಲೆನ್ಸ್ ಅಂದರೆ ಭೂತಗನ್ನಡಿ. ಕಿಟಕಿ ಪರದೆಗೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕು?

ಹ್ಯಾಸೆಲ್‌ಬ್ಲಾಡ್ 500 ಸರಣಿಯ ಲೆನ್ಸುಗಳ ಒಳಗೇ ಶಟರ್ ಇದೆ. ಅದನ್ನು ಕಾಕ್ ಮಾಡಿಟ್ಟಾಗ (ಸ್ಪ್ರಿಂಗ್ ಎಳೆದು ಸಜ್ಜು ಮಾಡಿಟ್ಟಾಗ) ಮಾತ್ರ ಬೆಳಕು ದಾಟುತ್ತದೆ. ಬಳಸಬಹುದು, ಸ್ವಲ್ಪ ಕಿರಿಕಿರಿ. ಮಾಮಿಯಾ ಆರ್‌ಬಿ67 ಲೆನ್ಸುಗಳನ್ನು ಮಾತ್ರ ಮೊದಲ ಸಲಕ್ಕೆ ಮುಟ್ಟಬೇಡಿ. ಅವುಗಳಲ್ಲಿ ಫೋಕಸ್ ತಿರುಗಣೆಯೇ ಇಲ್ಲ, ಆ ಕೆಲಸವನ್ನು ಬಾಡಿಯಲ್ಲಿದ್ದ ಬೆಲೋಸ್ (ಮಡಿಕೆಯ ತಿದಿ) ಮಾಡುತ್ತಿತ್ತು.

ನಮ್ಮೂರುಗಳ ಹಳೆಯ ಸ್ಟುಡಿಯೋಗಳಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಸಿಗುವುದು ಹೆಚ್ಚಾಗಿ ಯಾಶಿಕಾ ಮ್ಯಾಟ್ ಅಥವಾ ರೋಲಿಕಾರ್ಡ್. ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ. ಅದರ ಲೆನ್ಸ್ ಕಳಚಿ ಹಾಕುವಂಥದ್ದಲ್ಲ. ಅದನ್ನು ಬಿಚ್ಚಿ ಹಾಳು ಮಾಡಬೇಡಿ. ರೋಲ್ ಹಾಕಿ ಬಳಸಿ, ಅದಕ್ಕೇ ಅದು ಇರುವುದು.

ಕೊಳ್ಳುವ ಮುಂಚೆ ಟಾರ್ಚ್ ಹಾಯಿಸಿ

ಮೊಬೈಲ್ ಟಾರ್ಚ್ ಸಾಕು. ಅಪರ್ಚರ್ ಪೂರ್ತಿ ತೆರೆದು, ಮುಂದಿನಿಂದ ಬೆಳಕು ಓರೆಯಾಗಿ ಬಿಟ್ಟು, ಹಿಂದಿನಿಂದ ನೋಡಿ. ಆಮೇಲೆ ತಿರುಗಿಸಿ ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಜೇಡರ ಬಲೆಯ ಹಾಗೆ, ಬೇರಿನ ಹಾಗೆ ಹರಡಿದ್ದು ಕಂಡರೆ ಅದು ಫಂಗಸ್. ಇಡೀ ಗಾಜು ಹಾಲು ಸವರಿದ ಹಾಗೆ ಕಂಡರೆ ಮಂಜು ಕಟ್ಟಿದೆ ಅಂತ. ಫಂಗಸ್ ಅಂಚಿನಲ್ಲಿ ಚೂರು ಇದ್ದರೆ ಫೋಟೋದಲ್ಲಿ ಗೊತ್ತಾಗದು. ಮಂಜು ಹಾಗಲ್ಲ, ಇಡೀ ಫೋಟೋದ ಕಾಂಟ್ರಾಸ್ಟ್ ತಿನ್ನುತ್ತದೆ. ನನ್ನನ್ನು ಕೇಳಿದರೆ ಮಂಜು ಕಟ್ಟಿದ ಲೆನ್ಸನ್ನು ಅರ್ಧ ಬೆಲೆಗೂ ಕೊಳ್ಳಬೇಡಿ.

ಆಮೇಲೆ ಅಪರ್ಚರ್ ರಿಂಗ್ ತಿರುಗಿಸಿ. ಬ್ಲೇಡುಗಳು ಪಟ್ ಅಂತ ಮುಚ್ಚಬೇಕು. ಎಣ್ಣೆ ಹತ್ತಿದ್ದರೆ ಅಂಟಿಕೊಂಡ ಹಾಗೆ ನಿಧಾನ ಮಾಡುತ್ತವೆ. ಫೋಕಸ್ ರಿಂಗ್ ಬಿಗಿಯಾಗಿದ್ದರೆ ಗ್ರೀಸ್ ಒಣಗಿದೆ. ಇದನ್ನು ರಿಪೇರಿಯವರು ಸರಿ ಮಾಡಬಲ್ಲರು. ಹೊರದೇಶದಿಂದ ತರಿಸುವುದಾದರೆ ಕೊರಿಯರ್, ಕಸ್ಟಮ್ಸ್ ಸುಂಕ ಎಲ್ಲ ಕೂಡಿಸಿಯೇ ಬೆಲೆ ಲೆಕ್ಕ ಹಾಕಿ. ಲೆನ್ಸ್ ಅಗ್ಗ ಅಂತ ಕುಣಿದವರು ಬಾಗಿಲಿಗೆ ಬಿಲ್ ಬಂದಾಗ ಸುಮ್ಮನಾಗುತ್ತಾರೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಹಳೆಯ ಲೆನ್ಸಿನ ಜೊತೆ ಬರುವ ಚರ್ಮದ ಡಬ್ಬಿ ನೋಡಲು ಚೆಂದ. ಅದರಲ್ಲಿ ಲೆನ್ಸ್ ಇಡಬೇಡಿ. ಚರ್ಮ ಶೀತ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ತೀರ್ಥಹಳ್ಳಿಯ ನೆಂಟರ ಮನೆಯ ಬೀರುವಿನಲ್ಲಿ ಒಂದು 150 ಮಿ.ಮೀ. ಲೆನ್ಸನ್ನು ಹೀಗೇ ಇಟ್ಟಿದ್ದೆ. ದಸರಾ ಹೊತ್ತಿಗೆ ಒಳಗಾಜಿನ ಮೇಲೆ ಬೂಷ್ಟು ರಂಗೋಲಿ ಹಾಕಿತ್ತು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ಒಂದು ಸಣ್ಣ ತೇವಾಂಶ ಮೀಟರ್ ಇಡಿ. ಮೀಟರ್ ಶೇಕಡಾ 40ರಿಂದ 50ರೊಳಗೆ ಇದ್ದರೆ ಸರಿ.

ಅಡಾಪ್ಟರಿನ ದಪ್ಪ: ಒಂದು ಕಳೆಯುವ ಲೆಕ್ಕ

ಪ್ರತಿ ಕ್ಯಾಮೆರಾದಲ್ಲೂ ಲೆನ್ಸ್ ಕೂರುವ ಲೋಹದ ಮುಖದಿಂದ ಫಿಲ್ಮ್ ಅಥವಾ ಸೆನ್ಸರಿಗೆ ಇಷ್ಟೇ ಅಂತ ದೂರ ಇರುತ್ತದೆ. ಅದಕ್ಕೆ ಫ್ಲ್ಯಾಂಜ್ ದೂರ ಅನ್ನುತ್ತಾರೆ. ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳಲ್ಲಿ ದೊಡ್ಡ ಕನ್ನಡಿ ಮೇಲೇಳಬೇಕಿತ್ತು, ಹಾಗಾಗಿ ಈ ದೂರ ಜಾಸ್ತಿ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ, ದೂರ ಕಡಿಮೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಅಡಾಪ್ಟರಿನ ದಪ್ಪ ಬಂತು.

ಲೆನ್ಸಿನ ಕಡೆ, ಮಿ.ಮೀ. ಲೆಕ್ಕದಲ್ಲಿ:
ಮಾಮಿಯಾ 645 – 63.3
ಪೆಂಟಾಕ್ಸ್ 645 – 70.87
ಪೆಂಟಕಾನ್ ಸಿಕ್ಸ್ – 74.1
ಹ್ಯಾಸೆಲ್‌ಬ್ಲಾಡ್ ವಿ – 74.9
ಪೆಂಟಾಕ್ಸ್ 67 – 84.95

ಕ್ಯಾಮೆರಾ ಕಡೆ:
ನಿಕಾನ್ ಝಡ್ – 16
ಸೋನಿ ಇ – 18
ಕ್ಯಾನನ್ ಆರ್‌ಎಫ್ ಮತ್ತು ಎಲ್ ಮೌಂಟ್ – 20
ಫ್ಯೂಜಿ ಜಿಎಫ್‌ಎಕ್ಸ್ – 26.7
ಕ್ಯಾನನ್ ಇಎಫ್ – 44
ನಿಕಾನ್ ಎಫ್ – 46.5

ಮಾಮಿಯಾ 645ನ್ನು ಸೋನಿಗೆ ಹಾಕಲು 63.3ರಲ್ಲಿ 18 ಕಳೆದರೆ 45.3 ಮಿ.ಮೀ. ಕೊನೆಯ ಎರಡು ಸಾಲು ನೋಡಿ. ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್ ಡಿಜಿಟಲ್ ಕ್ಯಾಮೆರಾಗಳಿಗೂ ಜಾಗ ಉಳಿಯುತ್ತದೆ. ಮನೆಯಲ್ಲಿ ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದರೆ 19.3 ಮಿ.ಮೀ.ನ ತೆಳು ಅಡಾಪ್ಟರ್ ಹಾಕಿ ಬಳಸಬಹುದು. ಇದರಲ್ಲಿ ಒಂದು ಜಾಣತನವೂ ಇದೆ. ಮಾಮಿಯಾದಿಂದ ಕ್ಯಾನನ್ ಇಎಫ್‌ಗೆ ಒಂದು ಒಳ್ಳೆಯ ಅಡಾಪ್ಟರ್ ಕೊಂಡರೆ, ಮುಂದೆ ಯಾವ ಮಿರರ್‌ಲೆಸ್‌ಗೆ ಹೋದರೂ ಇಎಫ್‌ನಿಂದ ಅದಕ್ಕೆ ಇನ್ನೊಂದನ್ನು ಸೇರಿಸಿದರಾಯಿತು. ಅಡ್ಡಿ ಏನಂದರೆ ಎರಡು ಕೀಲು ಇದ್ದಲ್ಲಿ ಅಲುಗಾಟವೂ ಎರಡು.

ಆ ದೂರದ ಇನ್ನೊಂದು ಲಾಭ: ಈ ಲೆನ್ಸುಗಳ ಹಿಂದಿನ ಗಾಜು ಸೆನ್ಸರಿನಿಂದ ಬಹಳ ದೂರ ಇರುತ್ತದೆ. ಬೆಳಕು ಸೆನ್ಸರಿನ ಮೂಲೆಗೂ ಹೆಚ್ಚು ಓರೆಯಾಗದೆ ಬೀಳುತ್ತದೆ. ಹಿಂದಿನ ಗಾಜು ಸೆನ್ಸರಿಗೆ ತೀರಾ ಹತ್ತಿರ ಬರುವ ರೇಂಜ್‌ಫೈಂಡರ್ ಕ್ಯಾಮೆರಾಗಳ ಅಗಲ ನೋಟದ ಲೆನ್ಸುಗಳಲ್ಲಿ ಮೂಲೆಗಳು ನೇರಳೆ ಬಣ್ಣ ತಿರುಗುವ ಕಾಟ ಇಲ್ಲಿಲ್ಲ.

ಇನ್ಫಿನಿಟಿ ಸಿಗುತ್ತದಾ ನೋಡಿ

ಇನ್ಫಿನಿಟಿ ಅಂದರೆ ಅತಿ ದೂರದ ಫೋಕಸ್. ಅಡಾಪ್ಟರ್ ಕೈಗೆ ಬಂದ ದಿನವೇ ಈ ಪರೀಕ್ಷೆ ಮಾಡಿ. ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ.

ಅಡಾಪ್ಟರ್ ಇರಬೇಕಾದ್ದಕ್ಕಿಂತ ದಪ್ಪವಾದರೆ ಲೆನ್ಸ್ ದೂರದ್ದನ್ನು ಫೋಕಸ್ ಮಾಡಲಾರದು. ಎಷ್ಟು ದಪ್ಪವಾದರೆ ಎಷ್ಟು ನಷ್ಟ? ಲೆನ್ಸಿನ ಮಿ.ಮೀ.ಯನ್ನು ಅದರಿಂದಲೇ ಗುಣಿಸಿ, ತಪ್ಪಿನ ಮಿ.ಮೀ.ಯಿಂದ ಭಾಗಿಸಿ. 80 ಮಿ.ಮೀ. ಲೆನ್ಸಿಗೆ 0.1 ಮಿ.ಮೀ. ತಪ್ಪಿದ್ದರೆ 6400ನ್ನು 0.1ರಿಂದ ಭಾಗಿಸಬೇಕು. 64,000 ಮಿ.ಮೀ., ಅಂದರೆ 64 ಮೀಟರ್. ಅದರಾಚೆಗಿನದೆಲ್ಲ ಮಸುಕು. 45 ಮಿ.ಮೀ. ಲೆನ್ಸಿಗೆ ಇದೇ ತಪ್ಪು 20 ಮೀಟರಿಗೇ ಗೋಡೆ ಕಟ್ಟುತ್ತದೆ. ಒಂದು ಹಾಳೆ ಕಾಗದದಷ್ಟು ತಪ್ಪಿಗೆ ಬೆಟ್ಟವೇ ಕಾಣೆ! ನನ್ನ ಮೊದಲ ಅಗ್ಗದ ಅಡಾಪ್ಟರಿನಲ್ಲಿ ಆಗಿದ್ದು ಇದೇ. ಪೋರ್ಟ್ರೇಟ್ ತೆಗೆಯುತ್ತಿದ್ದವನಿಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ. ಬಾಬಾ ಬುಡನ್‌ಗಿರಿಗೆ ಹೋದಾಗ ಗೊತ್ತಾಯಿತು.

ಪರೀಕ್ಷೆ ಹೀಗೆ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ನಿಮ್ಮಲ್ಲಿರುವ ಅತಿ ಅಗಲ ನೋಟದ ಲೆನ್ಸ್ ಹಾಕಿ, ಅಪರ್ಚರ್ ಪೂರ್ತಿ ತೆರೆಯಿರಿ. ಒಂದೆರಡು ಕಿಲೋಮೀಟರ್ ಆಚೆಯ ಟವರ್ ದೀಪ, ಇಲ್ಲವೇ ರಾತ್ರಿ ನಕ್ಷತ್ರ ಹಿಡಿಯಿರಿ. ಪರದೆಯಲ್ಲಿ ಹಿಗ್ಗಿಸಿ, ಫೋಕಸ್ ರಿಂಗ್ ನಿಧಾನ ತಿರುಗಿಸಿ. ಬೆಳಕಿನ ಚುಕ್ಕೆ ಚಿಕ್ಕದಾಗುತ್ತಾ ಬಂದು, ಚೂಪಾಗಿ, ಮತ್ತೆ ಸ್ವಲ್ಪ ಊದಿಕೊಂಡರೆ ಒಳ್ಳೆಯದು. ಅಡಾಪ್ಟರ್ ಚೂರು ತೆಳುವಿದೆ, ಇನ್ಫಿನಿಟಿ ಸಿಗುತ್ತದೆ. ತಯಾರಕರೂ ಬೇಕಂತಲೇ ಚೂರು ತೆಳು ಮಾಡುತ್ತಾರೆ. ರಿಂಗ್ ಕೊನೆ ಮುಟ್ಟಿದರೂ ಚುಕ್ಕೆ ಇನ್ನೂ ಚಿಕ್ಕದಾಗುತ್ತಲೇ ಇದ್ದರೆ ಅಡಾಪ್ಟರ್ ದಪ್ಪ. ಅದನ್ನು ಉಜ್ಜಿ ತೆಳು ಮಾಡಲು ಹೋಗಬೇಡಿ, ವಾಪಸ್ ಕಳಿಸಿ. ಉಜ್ಜಿದರೆ ಒಂದು ಪಕ್ಕ ತಗ್ಗಾಗಿ ಲೆನ್ಸೇ ಓರೆ ಕೂರುತ್ತದೆ.

ತೀರಾ ತೆಳುವಾಗಿದ್ದು, ಲೆನ್ಸ್ ಮೇಲಿನ ದೂರದ ಗುರುತು ಹೊಂದದಿದ್ದರೆ ಒಳಗೆ ತಗಡು ಕೊಡಬಹುದು. ಹೆಚ್ಚಿನ ಅಡಾಪ್ಟರುಗಳು ಎರಡು ತುಂಡಾಗಿದ್ದು ಸಣ್ಣ ಸ್ಕ್ರೂಗಳಿಂದ ಕೂಡಿರುತ್ತವೆ. ನಡುವೆ ಹಿತ್ತಾಳೆಯ ತೆಳು ತಗಡಿನ ಉಂಗುರ ಇಟ್ಟು ಮತ್ತೆ ಬಿಗಿ ಮಾಡಿ. ತಂಪು ಪಾನೀಯದ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ಇರುತ್ತದೆ, ಪ್ರಯೋಗಕ್ಕೆ ಸಾಕು. ಕತ್ತರಿಸಿದ ಅಂಚನ್ನು ನುಣ್ಣಗೆ ಮಾಡಿ, ತೊಳೆದು, ಒರೆಸಿ ಹಾಕಿ. ಲೋಹದ ಚೂರು ಸೆನ್ಸರಿಗೆ ಬಿದ್ದರೆ ತಗಡು ದುಬಾರಿಯಾಗುತ್ತದೆ.

ಕೂರಿಸುವುದು, ಮೆನು ಸರಿ ಮಾಡುವುದು

ಮೊದಲು ಅಡಾಪ್ಟರನ್ನು ಲೆನ್ಸಿಗೆ ಹಾಕಿ, ಆಮೇಲೆ ಎರಡನ್ನೂ ಸೇರಿಸಿ ಕ್ಯಾಮೆರಾಗೆ. ಆಗ ಸೆನ್ಸರ್ ತೆರೆದಿರುವ ಹೊತ್ತು ಕಡಿಮೆ. ಭಾರದ ಲೆನ್ಸ್ ಆದರೆ ಕಾಲು ಇರುವ ಅಡಾಪ್ಟರೇ ಕೊಳ್ಳಿ, ಟ್ರೈಪಾಡಿಗೆ ಆ ಕಾಲನ್ನು ಕಟ್ಟಿ. ಕೈಯಲ್ಲಿ ಹಿಡಿಯುವಾಗಲೂ ಲೆನ್ಸ್ ಹಿಡಿಯಿರಿ, ಕ್ಯಾಮೆರಾ ಅದರ ಹಿಂದೆ ತೂಗಲಿ.

"ಅಪರ್ಚರ್ ಕೆಲಸ ಮಾಡ್ತಿಲ್ಲ" ಅನ್ನುವುದು ಎಲ್ಲರ ಮೊದಲ ದೂರು. ಮಾಮಿಯಾ 645 ಲೆನ್ಸಿನ ಪಕ್ಕದಲ್ಲಿ ಎ ಮತ್ತು ಎಂ ಅಂತ ಬರೆದ ಸಣ್ಣ ಗುಂಡಿ ಇದೆ. ಅದು ಎ ಕಡೆ ಇದ್ದರೆ ಬ್ಲೇಡುಗಳು ತೆರೆದೇ ಇರುತ್ತವೆ. ಎಂ ಕಡೆ ತಳ್ಳಿ, ಅಷ್ಟೇ. ಪೆಂಟಕಾನ್ ಸಿಕ್ಸ್ ಲೆನ್ಸುಗಳಲ್ಲಿ ಹಿಂದೆ ಒಂದು ಪಿನ್ ಇದೆ, ಅದನ್ನು ಒತ್ತಿದಾಗ ಬ್ಲೇಡ್ ಮುಚ್ಚುತ್ತದೆ. ನಿಮ್ಮ ಅಡಾಪ್ಟರ್ ಆ ಪಿನ್ ಒತ್ತುತ್ತದೆಯೇ ನೋಡಿಕೊಳ್ಳಿ.

ಈಗ ಕ್ಯಾಮೆರಾ. ಲೆನ್ಸಿನಿಂದ ಯಾವ ಸುದ್ದಿಯೂ ಬರದ ಕಾರಣ ಕೆಲವು ಕ್ಯಾಮೆರಾಗಳು ಲೆನ್ಸೇ ಇಲ್ಲ ಅಂದುಕೊಂಡು ಶಟರ್ ಬಿಡುವುದಿಲ್ಲ. ಸೋನಿಯಲ್ಲಿ 'ರಿಲೀಸ್ ವಿದೌಟ್ ಲೆನ್ಸ್', ಫ್ಯೂಜಿಯಲ್ಲಿ 'ಶೂಟ್ ವಿದೌಟ್ ಲೆನ್ಸ್' ಆನ್ ಮಾಡಿ. ನಿಕಾನ್ ಝಡ್‌ನಲ್ಲಿ 'ನಾನ್ ಸಿಪಿಯು ಲೆನ್ಸ್ ಡೇಟಾ'ಗೆ ಹೋಗಿ ಲೆನ್ಸಿನ ವಿವರ ತುಂಬಿ. ಬಾಡಿಯೊಳಗಿನ ಸ್ಟೆಬಿಲೈಸೇಷನ್‌ಗೆ (ಕೈ ಅಲುಗಾಟ ಸರಿಪಡಿಸುವ ವ್ಯವಸ್ಥೆಗೆ) ಫೋಕಲ್ ಲೆಂತ್, ಅಂದರೆ ಲೆನ್ಸಿನ ಮಿ.ಮೀ., ಹೇಳಲೇಬೇಕು. ಲೆನ್ಸ್ ಮೇಲೆ ಬರೆದ ನಿಜವಾದ ಸಂಖ್ಯೆಯನ್ನೇ ಕೊಡಿ, ಫಾರ್ಮ್ಯಾಟ್ ಲೆಕ್ಕಕ್ಕೆ ಗುಣಿಸಿದ್ದಲ್ಲ. ಲೆನ್ಸ್ ಬದಲಿಸಿದಾಗ ಇದನ್ನೂ ಬದಲಿಸಿ. 150 ಹಾಕಿ 45 ಅಂತ ಬಿಟ್ಟರೆ ಫೋಟೋ ಅಲುಗಿದ ಹಾಗೇ ಬರುತ್ತದೆ.

ಅಪರ್ಚರ್ ಪ್ರಯಾರಿಟಿ ಮೋಡ್ (ಅಪರ್ಚರ್ ನಿಮ್ಮದು, ಶಟರ್ ವೇಗ ಕ್ಯಾಮೆರಾದ್ದು) ಚೆನ್ನಾಗಿಯೇ ನಡೆಯುತ್ತದೆ. ಚೂಪಾದ ಅಂಚುಗಳನ್ನು ಪರದೆಯಲ್ಲಿ ಮಿನುಗಿಸಿ ತೋರಿಸುವ ಫೋಕಸ್ ಪೀಕಿಂಗನ್ನು ಮಾತ್ರ ಪೂರ್ತಿ ನಂಬಬೇಡಿ. ಎಫ್/1.9ರಲ್ಲಿ ಕಣ್ಣು, ರೆಪ್ಪೆ, ಹುಬ್ಬು ಎಲ್ಲವೂ ಮಿನುಗುತ್ತವೆ, ಚೂಪಾಗಿರುವುದು ಒಂದೇ. ಹಿಗ್ಗಿಸಿ ನೋಡುವ ಆಯ್ಕೆಯನ್ನು ಬೆರಳಿಗೆ ಸಿಗುವ ಒಂದು ಗುಂಡಿಗೆ ಕೊಟ್ಟುಕೊಳ್ಳಿ.

ಚೂಪಿನ ಬಗ್ಗೆ ಆಸೆ ಹದದಲ್ಲಿರಲಿ. ಇವು ದೊಡ್ಡ ಫಿಲ್ಮಿಗೆ ಮಾಡಿದ ಲೆನ್ಸುಗಳು. ದೊಡ್ಡ ನೆಗೆಟಿವನ್ನು ಅಷ್ಟೇನೂ ಹಿಗ್ಗಿಸಬೇಕಿರಲಿಲ್ಲ. ನಾವೀಗ ಅದರ ನಡುಭಾಗ ಮಾತ್ರ ತೆಗೆದು ಹಿಗ್ಗಿಸುತ್ತಿದ್ದೇವೆ. 24 ಮೆಗಾಪಿಕ್ಸೆಲ್ ಬಾಡಿಯಲ್ಲಿ ಚೆಂದ ಕಾಣುವ ಲೆನ್ಸ್ 61 ಮೆಗಾಪಿಕ್ಸೆಲ್‌ನಲ್ಲಿ ಪೂರ್ತಿ ತೆರೆದಾಗ ಮೆತ್ತಗೆ ಕಾಣಬಹುದು. ಎಫ್/5.6, ಎಫ್/8ಕ್ಕೆ ಬಂದರೆ ಮಾತು ಬೇರೆ.

ಮಿಕ್ಕ ಬೆಳಕನ್ನು ತಡೆಯುವುದು

ಲೆನ್ಸ್ ತೆಗೆದು, ಖಾಲಿ ಅಡಾಪ್ಟರನ್ನು ಕಿಟಕಿಯ ಕಡೆ ಹಿಡಿದು, ಸೆನ್ಸರ್ ಇರುವ ಕಡೆಯಿಂದ ಇಣುಕಿ. ಕಪ್ಪು ಬಳಿದಿದ್ದರೂ ಒಳಗೋಡೆ ಮಿರಿ ಮಿರಿ ಹೊಳೆಯುತ್ತಿದೆ, ಅಲ್ವಾ? ನಿಮ್ಮ ಸೆನ್ಸರಿಗೂ ಅದೇ ಕಾಣುವುದು.

ಕ್ರಾಫ್ಟ್ ಅಂಗಡಿಯಲ್ಲಿ ಹಿಂದೆ ಅಂಟು ಇರುವ ಕಪ್ಪು ವೆಲ್ವೆಟ್ ಹಾಳೆ ಸಿಗುತ್ತದೆ. ಒಳಗಿನ ಸುತ್ತಳತೆಗೆ ಒಂದು ಪಟ್ಟಿ ಕತ್ತರಿಸಿ ಅಂಟಿಸಿ. ಲೆನ್ಸಿನ ಹಿಂಭಾಗಕ್ಕೆ, ಅಪರ್ಚರ್ ಪಿನ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಅಂಟಿಸುವ ಮುಂಚೆ ಹಾಳೆಯನ್ನು ಚೆನ್ನಾಗಿ ಕೊಡವಿ, ಇಲ್ಲದಿದ್ದರೆ ಅದರ ಎಳೆಗಳೇ ಸೆನ್ಸರ್ ಸೇರುತ್ತವೆ. ಎರಡನೆಯದಾಗಿ, ಕಪ್ಪು ಕಾರ್ಡ್‌ಬೋರ್ಡಿನಲ್ಲಿ ನಡುವೆ ಆಯತದ ಕಿಂಡಿ ಇರುವ ಒಂದು ಬಿಲ್ಲೆ ಮಾಡಿ ಅಡಾಪ್ಟರಿನ ಒಳಗೆ ಕೂರಿಸಿ. ಕಿಂಡಿ ಎಷ್ಟು ದೊಡ್ಡದು? ದೊಡ್ಡದರಿಂದ ಶುರು ಮಾಡಿ. ಅಪರ್ಚರ್ ಪೂರ್ತಿ ತೆರೆದು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಮೂಲೆ ಕಪ್ಪಾಗದಿದ್ದರೆ ಇನ್ನೂ ಸ್ವಲ್ಪ ಚಿಕ್ಕ ಕಿಂಡಿಯ ಬಿಲ್ಲೆ ಮಾಡಿ. ಮೂಲೆ ಕಪ್ಪಾಗಲು ಶುರುವಾದ ಬಿಲ್ಲೆಗಿಂತ ಹಿಂದಿನದೇ ಸರಿಯಾದದ್ದು. ಒಂದು ಭಾನುವಾರದ ಕೆಲಸ, ಖರ್ಚು ಅಲ್ಪ. ಎದುರು ಬೆಳಕಿನ ಫೋಟೋಗಳಲ್ಲಿ ಕಪ್ಪು ಮತ್ತೆ ಕಪ್ಪಾಗಿ ಬರುವುದನ್ನು ನೀವೇ ನೋಡುತ್ತೀರಿ.

ಮೂರನೆಯದು ಹುಡ್, ಲೆನ್ಸಿನ ಮುಂದೆ ಹಾಕುವ ನೆರಳಿನ ಕೊಳವೆ. 80 ಮಿ.ಮೀ. ಲೆನ್ಸ್ 645 ಫಿಲ್ಮಿನ ಮೇಲೆ ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿ ನೋಡುತ್ತದೆ, ಫುಲ್ ಫ್ರೇಮಿನಲ್ಲಿ ಸುಮಾರು 30 ಡಿಗ್ರಿ. ಹಾಗಾಗಿ ಲೆನ್ಸಿನ ಜೊತೆ ಬಂದ ಹುಡ್ ನಿಮಗೆ ತೀರಾ ಗಿಡ್ಡ. ಅದೇ ಥ್ರೆಡ್ಡಿಗೆ ಹೊಂದುವ, ಟೆಲಿ ಲೆನ್ಸಿಗೆ ಮಾಡಿದ ಉದ್ದ ಹುಡ್ ಹಾಕಿ.

ಕುಗ್ಗಿಸುವುದು

ಫೋಕಲ್ ರೆಡ್ಯೂಸರ್ ಅಂದರೆ ಒಳಗೆ ಗಾಜಿರುವ ಅಡಾಪ್ಟರ್. ಲೆನ್ಸ್ ಮೂಡಿಸುವ ಬೆಳಕಿನ ದೊಡ್ಡ ವೃತ್ತವನ್ನು 0.7 ಪಟ್ಟಿಗೆ ಕುಗ್ಗಿಸಿ ಫುಲ್ ಫ್ರೇಮಿನೊಳಗೆ ತುಂಬುತ್ತದೆ. ಕಿಪಾನ್ ಕಂಪನಿಯ ಬಾವೇಯಸ್ ಸರಣಿ ಇಂಥದ್ದು. 80 ಮಿ.ಮೀ. ಎಫ್/1.9 ಆಗ 56 ಮಿ.ಮೀ. ಎಫ್/1.33 ಆಗುತ್ತದೆ, ಒಂದು ಸ್ಟಾಪ್ ಲಾಭ, ಅಂದರೆ ಎರಡು ಪಟ್ಟು ಬೆಳಕು. 645 ಫಿಲ್ಮಿನ ಮೇಲೆ ಅದೇ ಲೆನ್ಸಿನ ನೋಟ ಫುಲ್ ಫ್ರೇಮ್ ಲೆಕ್ಕದಲ್ಲಿ 50 ಮಿ.ಮೀ. ಎಫ್/1.2ಕ್ಕೆ ಸಮ. ಹಾಗಾಗಿ ನಾನು ಹುಡುಕುತ್ತಿದ್ದ ಆ ಲುಕ್‌ಗೆ ಹತ್ತಿರ ಕರೆದೊಯ್ಯುವುದು ಇದೇ. ಬೆಲೆ ಕೆಲವು ಸಲ ಲೆನ್ಸಿಗಿಂತ ಜಾಸ್ತಿ. ಇನ್ನೊಂದು ಗಾಜು ಸೇರಿದ್ದಕ್ಕೆ ಮೂಲೆಗಳು ಸ್ವಲ್ಪ ಸೊರಗುತ್ತವೆ. ಸ್ಟೆಬಿಲೈಸೇಷನ್‌ಗೆ 80 ಅಲ್ಲ, 56 ಅಂತ ಹೇಳಬೇಕು.

44×33 ಸೆನ್ಸರಿನ ಫ್ಯೂಜಿ ಜಿಎಫ್‌ಎಕ್ಸ್ ಇದ್ದವರಿಗೆ ಈ ಗೊಡವೆ ಬೇಡ. ಬರೀ ಕೊಳವೆ ಅಡಾಪ್ಟರ್ ಹಾಕಿದರೂ 80 ಎಫ್/1.9 ಅಲ್ಲಿ ಫುಲ್ ಫ್ರೇಮಿನ 63 ಎಫ್/1.5ರ ಹಾಗೆ ಕಾಣುತ್ತದೆ.

ಸರಿಸುವುದು: ನನಗೆ ಇಷ್ಟವಾದ ಭಾಗ

ಗೋಪುರದ ಫೋಟೋ ತೆಗೆಯಲು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತದೆ. ಕ್ಯಾಮೆರಾ ನೆಟ್ಟಗೆ ಇಟ್ಟು, ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಿದರೆ ಗೆರೆಗಳು ನೆಟ್ಟಗೇ ಇರುತ್ತವೆ. ಸಾಮಾನ್ಯ ಲೆನ್ಸಿನಲ್ಲಿ ಇದು ಆಗದು, ಅದರ ವೃತ್ತ ಸೆನ್ಸರಿನ ಅಂಚಿಗೇ ಮುಗಿದಿರುತ್ತದೆ. ನಮ್ಮ ಲೆನ್ಸಿನಲ್ಲಿ ಮಿಕ್ಕ ಬೆಳಕು ಬೇಕಾದಷ್ಟಿದೆ. 645 ಲೆನ್ಸಿನ ವೃತ್ತದ ಅಡ್ಡಳತೆ ಕಡಿಮೆ ಅಂದರೂ 69 ಮಿ.ಮೀ. ಇರಲೇಬೇಕು, ಇಲ್ಲದಿದ್ದರೆ ಅದರ ಫಿಲ್ಮಿನ ಮೂಲೆಯೇ ತುಂಬುತ್ತಿರಲಿಲ್ಲ. ಲೆಕ್ಕ ಹಾಕಿದರೆ ಫುಲ್ ಫ್ರೇಮ್ ಸೆನ್ಸರಿಗೆ ಮೇಲೆ ಕೆಳಗೆ ಸುಮಾರು 17 ಮಿ.ಮೀ., ಅಡ್ಡಕ್ಕೆ ಸುಮಾರು 14 ಮಿ.ಮೀ. ಓಡಾಡುವ ಜಾಗ ಸಿಗುತ್ತದೆ.

ಇದಕ್ಕೆ ಶಿಫ್ಟ್ ಅಡಾಪ್ಟರ್ ಬೇಕು. ಜರ್ಮನಿಯ ಮಿರೆಕ್ಸ್ ಮಾಮಿಯಾ 645ರಿಂದ ಕ್ಯಾನನ್ ಇಎಫ್‌ಗೆ ಮಾಡುವ ಅಡಾಪ್ಟರ್ 15 ಮಿ.ಮೀ. ಸರಿಯುತ್ತದೆ, 10 ಡಿಗ್ರಿ ಓರೆಯೂ ಆಗುತ್ತದೆ. ಅದರ ಹಿಂದೆ ಇಎಫ್ ಅಡಾಪ್ಟರ್ ಹಾಕಿದರೆ ಮಿರರ್‌ಲೆಸ್‌ಗೂ ಆಯಿತು.

ಎಷ್ಟು ಸರಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. 20 ಮೀಟರ್ ಎತ್ತರದ ಗೋಪುರದಿಂದ 30 ಮೀಟರ್ ದೂರ ನಿಂತಿದ್ದೀರಿ. ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ಉಳಿದದ್ದು 18.5 ಮೀಟರ್. 35 ಮಿ.ಮೀ. ಲೆನ್ಸಿಗೆ, 35ನ್ನು 18.5ರಿಂದ ಗುಣಿಸಿ 30ರಿಂದ ಭಾಗಿಸಿ. ಸುಮಾರು 21.6 ಮಿ.ಮೀ. ಬಂತು. ಕ್ಯಾಮೆರಾ ಅಡ್ಡ ಹಿಡಿದರೆ ಸೆನ್ಸರಿನ ಮೇಲರ್ಧ 12 ಮಿ.ಮೀ., ಆದ್ದರಿಂದ ಇನ್ನೂ 9.6 ಸರಿಸಬೇಕು. ಉದ್ದ ಹಿಡಿದರೆ ಮೇಲರ್ಧ 18 ಮಿ.ಮೀ., 3.6 ಸಾಕು. ಕಳಸದ ಮೇಲೆ ಒಂಚೂರು ಆಕಾಶ ಬೇಕಲ್ವಾ, ಅದಕ್ಕೆ ಇನ್ನೊಂದೆರಡು ಮಿ.ಮೀ. ಸೇರಿಸಿ.

ಕೆಲಸದ ಕ್ರಮ: ಕ್ಯಾಮೆರಾದ ಲೆವೆಲ್ ಗೆರೆ ಆನ್ ಮಾಡಿ, ಎರಡೂ ದಿಕ್ಕಿನಲ್ಲಿ ಮಟ್ಟ ಮಾಡಿ. ಸರಿಸುವ ಮೊದಲೇ ಎಫ್/8 ಅಥವಾ ಎಫ್/11ಕ್ಕೆ ಇಳಿಸಿ, ಎಕ್ಸ್‌ಪೋಶರ್ ನೋಡಿ, ಮ್ಯಾನ್ಯುಯಲ್‌ನಲ್ಲಿ ಕಟ್ಟಿ ಹಾಕಿ. ಆಮೇಲೆ ಸರಿಸಿ, ಮತ್ತೆ ಫೋಕಸ್ ನೋಡಿ. ಉದ್ದ ಹುಡ್ ತೆಗೆದಿಡಿ, ಒಳಗಿನ ಕಿಂಡಿ ಬಿಲ್ಲೆಯನ್ನೂ ತೆಗೆಯಿರಿ. ಇಲ್ಲಿ ಅವೇ ಅಡ್ಡ ಬರುತ್ತವೆ. ಟ್ರೈಪಾಡ್ ಮೇಲಿದ್ದರೆ ಸ್ಟೆಬಿಲೈಸೇಷನ್ ಆಫ್. ಕೊನೆಯ ಒಂದೆರಡು ಮಿ.ಮೀ.ನಲ್ಲಿ ಕ್ಯಾಮೆರಾದ ಮೌಂಟಿನ ಬಾಯಿಯೇ ಬೆಳಕು ತಡೆದು ಅಂಚು ಕಪ್ಪಾಗಬಹುದು. ಸೋಮನಾಥಪುರ, ಬೇಲೂರಿನಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಮುಂಚೆಯೇ ಅನುಮತಿ ಬೇಕು. ಇಲ್ಲದಿದ್ದರೆ ಕೈಯಲ್ಲೇ, ಲೆವೆಲ್ ಗೆರೆ ನೋಡಿಕೊಂಡು ತೆಗೆಯಿರಿ. ಹೊಯ್ಸಳರ ನಕ್ಷತ್ರದಾಕಾರದ ಗೋಡೆಗಳಲ್ಲಿ ಎಷ್ಟೊಂದು ನೇರ ಅಂಚುಗಳು! ಒಂದು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ.

ಇದೇ ಅಡಾಪ್ಟರಿನಿಂದ ಸೆನ್ಸರನ್ನೇ ದೊಡ್ಡದು ಮಾಡಿಕೊಳ್ಳಬಹುದು. ಕ್ಯಾಮೆರಾ ಉದ್ದ ಹಿಡಿದು, ಲೆನ್ಸನ್ನು ಎಡಕ್ಕೆ 15 ಮಿ.ಮೀ., ನಡುವೆ, ಬಲಕ್ಕೆ 15 ಮಿ.ಮೀ. ಇಟ್ಟು ಮೂರು ಫೋಟೋ ತೆಗೆಯಿರಿ. ಜೋಡಿಸಿದರೆ 54×36 ಮಿ.ಮೀ.ನ ಒಂದೇ ಫೋಟೋ. ಜಿಎಫ್‌ಎಕ್ಸ್ ಸೆನ್ಸರಿಗಿಂತ ದೊಡ್ಡದು, 645 ಫಿಲ್ಮಿಗೆ ಹತ್ತಿರ. 24 ಮೆಗಾಪಿಕ್ಸೆಲ್ ಕ್ಯಾಮೆರಾ 54 ಮೆಗಾಪಿಕ್ಸೆಲ್ ಕೊಡುತ್ತದೆ. ಕ್ಯಾಮೆರಾ ತಿರುಗಿಸದೇ ಇರುವುದರಿಂದ ಜೋಡಣೆ ಸಲೀಸು. ಆದರೆ ಲೆನ್ಸ್ ಸರಿದಾಗ ನೋಡುವ ಜಾಗವೂ ಅಷ್ಟೇ ಸರಿಯುತ್ತದೆ. ದೂರದ ನೋಟಕ್ಕೆ ಪರವಾಗಿಲ್ಲ. ಹತ್ತಿರದಲ್ಲಿ ಕಂಬ, ಕೊಂಬೆ ಇದ್ದರೆ ಕ್ಯಾಮೆರಾವನ್ನು ಮ್ಯಾಕ್ರೋ ರೈಲಿನ (ಕ್ಯಾಮೆರಾ ಸರಿಸುವ ಸಣ್ಣ ಹಳಿಯ) ಮೇಲಿಟ್ಟು ಎದುರು ದಿಕ್ಕಿಗೆ ಅಷ್ಟೇ ಸರಿಸಿ. ಆಗ ಲೆನ್ಸ್ ಇದ್ದಲ್ಲೇ ಇರುತ್ತದೆ, ಸೆನ್ಸರ್ ಮಾತ್ರ ಓಡಾಡುತ್ತದೆ.

ಓರೆ ಮಾಡುವುದು

ಟಿಲ್ಟ್ ಅಂದ ಕೂಡಲೇ ಜನ ಎಂಟು ಡಿಗ್ರಿ ಬಗ್ಗಿಸಿ ಊರನ್ನು ಆಟಿಕೆ ಮಾಡಿಬಿಡುತ್ತಾರೆ. ಅದು ಎರಡು ದಿನದ ಮೋಜು. ನಿಜವಾದ ಉಪಯೋಗ ಬೇರೆ. ಕಾಲ ಬುಡದ ರಂಗೋಲಿಯಿಂದ ಬೀದಿಯ ಕೊನೆಯವರೆಗೆ ನೆಲ ಪೂರ್ತಿ ಚೂಪಾಗಿ ಬರಬೇಕು ಅನ್ನಿ. ಅಪರ್ಚರ್ ಎಷ್ಟು ಮುಚ್ಚಿದರೂ 80 ಮಿ.ಮೀ.ನಲ್ಲಿ ಅದು ಕಷ್ಟ. ಲೆನ್ಸನ್ನು ಮುಂದಕ್ಕೆ ಚೂರು ಬಗ್ಗಿಸಿದರೆ ಫೋಕಸ್ ಪದರವೇ ನೆಲದ ಮೇಲೆ ಮಲಗುತ್ತದೆ.

ಎಷ್ಟು ಬಗ್ಗಿಸಬೇಕು? ಲೆನ್ಸ್ ನೆಲದಿಂದ ಎಷ್ಟು ಮಿ.ಮೀ. ಎತ್ತರದಲ್ಲಿದೆಯೋ ಅದರಿಂದ ಲೆನ್ಸಿನ ಮಿ.ಮೀ.ಯನ್ನು ಭಾಗಿಸಿ, ಬಂದದ್ದನ್ನು 57ರಿಂದ ಗುಣಿಸಿ. 80 ಮಿ.ಮೀ. ಲೆನ್ಸ್ 1500 ಮಿ.ಮೀ. ಎತ್ತರದಲ್ಲಿದ್ದರೆ ಸುಮಾರು 3 ಡಿಗ್ರಿ. 45 ಮಿ.ಮೀ. ಆದರೆ 2 ಡಿಗ್ರಿಯೂ ಬೇಡ. ಕ್ಯಾಮೆರಾ ಮಟ್ಟವಾಗಿರಲಿ. 3 ಡಿಗ್ರಿ ಕೊಟ್ಟು, ದೂರದ ನೆಲಕ್ಕೆ ಫೋಕಸ್ ಮಾಡಿ. ಹತ್ತಿರದ ನೆಲ ಹಿಗ್ಗಿಸಿ ನೋಡಿ, ಮಸುಕಿದ್ದರೆ ಓರೆಯನ್ನು ಕೂದಲೆಳೆಯಷ್ಟು ಬದಲಿಸಿ. ಮತ್ತೆ ದೂರಕ್ಕೆ. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ಹೊಂದುತ್ತವೆ. ನೆಲದಿಂದ ಎದ್ದು ನಿಂತ ಮರ, ಮನುಷ್ಯರ ತಲೆ ಆಗ ಮಸುಕಾಗುತ್ತವೆ, ಅದಕ್ಕೆ ಎಫ್/11.

ಕೆಲಸ ಮುಗಿದ ಮೇಲೆ ಓರೆ, ಶಿಫ್ಟ್ ಎರಡನ್ನೂ ಸೊನ್ನೆಗೆ ತಂದು ತಿರುಪು ಬಿಗಿ ಮಾಡಿಯೇ ಚೀಲಕ್ಕೆ ಹಾಕಿ. ಒಮ್ಮೆ ನಾನು ಮರೆತು, ಅಕ್ಕನ ಮಗಳ ನಾಮಕರಣ ಪೂರ್ತಿ ಒಂದೂವರೆ ಡಿಗ್ರಿ ಓರೆಯಲ್ಲೇ ತೆಗೆದೆ. ಇಡೀ ಆಲ್ಬಮ್ಮಿನಲ್ಲಿ ಎಡಗಡೆ ಕೂತವರೆಲ್ಲ ಚೂಪು, ಬಲಗಡೆಯ ಬೀಗರೆಲ್ಲ ಮಸುಕು. ಅಕ್ಕ ಇನ್ನೂ ಕೇಳುತ್ತಾಳೆ, ಬೇಕಂತಲೇ ಮಾಡಿದ್ಯಾ ಅಂತ.